ವಲ್ತಾವಾ ತೀರದ ಪ್ರಾಗ್ ನಗರ

ಯೂರೋಪಿನ ಹಳೆಯ ನಗರಗಳಲ್ಲಿ ಬಹುಪಾಲು ನದಿಯನ್ನು ಆಶ್ರಯಿಸಿ ಬೆಳೆದವು. ಥೇಮ್ಸ್ ನದಿಯಿಲ್ಲದೆ ಲಂಡನ್ನಿನ ವ್ಯಾಪಾರವಿಲ್ಲ. ಸೇನ್ ನದಿಯ ನಡುಗಡ್ಡೆಯೇ ಪ್ಯಾರಿಸಿಗೆ ಮೂಲ. ಆದರೆ ಒಂದು ಸೇತುವೆಯ ಮೇಲೆ ನಿಂತು, ನಿಂತಲ್ಲಿಂದಲೇ ಒಂದು ಜನಾಂಗದ ಆರುನೂರು ವರ್ಷಗಳ ಸುಖದುಃಖಗಳನ್ನು ನೋಡಬೇಕೆನ್ನುವವರು ಹಿಂದೆ ಬೊಹೀಮಿಯ ರಾಜ್ಯಕ್ಕೂ ಇಂದು ಚೆಕ್ ಗಣರಾಜ್ಯಕ್ಕೂ ರಾಜಧಾನಿಯಾದ ಪ್ರಾಗಿಗೆ ಹೋಗಬೇಕು. ಆ ನಗರದ ಚೆಲುವನ್ನು ಹೊಗಳದ ಯಾತ್ರಿಕರಿಲ್ಲ. ಗೋಪುರಗಳು, ಹಸಿರು ಬಣ್ಣಕ್ಕೆ ತಿರುಗಿದ ತಾಮ್ರದ ಗುಮ್ಮಟಗಳು, ಬೆಟ್ಟದ ಮೇಲಣ ಅರಮನೆ, ಕೆಳಗೆ ಮೆಲ್ಲನೆ ಹರಿಯುವ ನದಿ, ಇವುಗಳ ಚಿತ್ರವನ್ನು ಕೇಳುಗರಲ್ಲಿ ಅನೇಕರು ನೋಡಿಯೇ ಇರುತ್ತಾರೆ. ನಾನು ಇಂದು ಹೇಳಬೇಕೆಂದಿರುವುದು ಆ ಚೆಲುವಿನ ಚರಿತ್ರೆಯನ್ನು. ಪ್ರಾಗಿನಲ್ಲಿ ನಮ್ಮ ಕಣ್ಣನ್ನು ಬಹುವಾಗಿ ಸೆಳೆಯುವ ಕಟ್ಟಡಗಳೂ ಪ್ರತಿಮೆಗಳೂ ಆ ಜನ ಸೋತು ಬಾಯಿ ಕಟ್ಟಿಸಿಕೊಂಡಿದ್ದ ಕಾಲದಲ್ಲಿ ಎದ್ದವು. ಇದನ್ನು ತಿಳಿಯದೆ ನೋಡಿದರೆ ಊರನ್ನು ನೋಡಿದಂತಾಗುತ್ತದೆ, ಊರಿನವರನ್ನು ನೋಡಿದಂತಾಗುವುದಿಲ್ಲ.

ವಲ್ತಾವಾ ನದಿಯು ದೇಶದ ದಕ್ಷಿಣದಲ್ಲಿರುವ ಶುಮಾವಾ ಪರ್ವತಗಳಲ್ಲಿ ಹುಟ್ಟಿ, ಉತ್ತರಕ್ಕೆ ಹರಿದು, ಪ್ರಾಗನ್ನು ಹಾದು, ಮ್ಯೆಲ್ನಿಕ್ ಎಂಬಲ್ಲಿ ಎಲ್ಬೆ ನದಿಯನ್ನು ಸೇರುತ್ತದೆ. ಜರ್ಮನರು ಇದನ್ನೇ ಮೋಲ್ಡೌ ಎಂದು ಕರೆದರು. ಒಂದೇ ನದಿಗೆ ಎರಡು ಹೆಸರು. ಪ್ರಾಗಿನಲ್ಲಿ ಬೀದಿಗೂ ಬೆಟ್ಟಕ್ಕೂ ಹೀಗೆಯೇ ಎರಡೆರಡು ಹೆಸರಿದ್ದ ಕಾಲವೊಂದಿತ್ತು. ನದಿಯ ಎಡದಂಡೆಯಲ್ಲಿ ಅರಮನೆಯ ಬೆಟ್ಟ, ಅದರ ತಪ್ಪಲಲ್ಲಿ ಕಿರುಪೇಟೆ. ಬಲದಂಡೆಯಲ್ಲಿ ಹಳೆಯ ಪೇಟೆ, 1348ರಲ್ಲಿ ಸ್ಥಾಪಿತವಾದ ಹೊಸ ಪೇಟೆ. ಈ ಎರಡು ದಡಗಳನ್ನು ಕೂಡಿಸಲು ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಲಿನ ಸೇತುವೆಯೊಂದನ್ನು ಕಟ್ಟಿದ್ದರು. ಯೂಡಿತ್ ರಾಣಿಯ ಹೆಸರಿನ ಆ ಸೇತುವೆ 1342ರ ಮಹಾಪೂರದಲ್ಲಿ ಕೊಚ್ಚಿಹೋಯಿತು. ಅದಕ್ಕೆ ಸೇರಿದ್ದ ಗಡ್ಡದ ಮನುಷ್ಯನ ಮುಖದ ಕಲ್ಲೊಂದು ಈಗಲೂ ಹಳೆಯ ಪೇಟೆಯ ದಡದ ಗೋಡೆಯಲ್ಲಿದೆ. ನೀರು ಅವನ ಗಡ್ಡವನ್ನು ಮುಟ್ಟಿದರೆ ಊರಿನವರು ಗಂಟುಮೂಟೆ ಕಟ್ಟಿಕೊಳ್ಳುತ್ತಿದ್ದರಂತೆ.

ಈಗಿರುವ ಸೇತುವೆಗೆ 1357ರಲ್ಲಿ ಅಸ್ತಿಭಾರವನ್ನು ಹಾಕಿಸಿದವನು ನಾಲ್ಕನೆಯ ಚಾರ್ಲ್ಸ್ ಚಕ್ರವರ್ತಿ. ಆಲ್ಪ್ಸ್ ಪರ್ವತಗಳಿಗೆ ಉತ್ತರದಲ್ಲಿದ್ದ ಸಾಮ್ರಾಜ್ಯದ ಪ್ರದೇಶಕ್ಕೆ ಮೊಟ್ಟಮೊದಲನೆಯದಾದ ವಿಶ್ವವಿದ್ಯಾನಿಲಯವನ್ನು 1348ರಲ್ಲಿ ಇದೇ ನಗರದಲ್ಲಿ ಸ್ಥಾಪಿಸಿದವನೂ ಅವನೇ. ಪೇಟರ್ ಪಾರ್ಲರ್ ಎಂಬ ಶಿಲ್ಪಿಯ ಕೈಯಲ್ಲಿ ಮೊದಲಾದ ಸೇತುವೆಯ ಕೆಲಸ ಮುಗಿಯುವ ಹೊತ್ತಿಗೆ ಹದಿನೈದನೆಯ ಶತಮಾನ ಹುಟ್ಟಿತ್ತು. ಉದ್ದ ಸುಮಾರು 516 ಮೀಟರು, ಕಮಾನುಗಳು ಹದಿನಾರು. ಗಾರೆ ಗಟ್ಟಿಯಾಗಲೆಂದು ಊರೂರಿನಿಂದ ಕೋಳಿಮೊಟ್ಟೆಗಳನ್ನು ತರಿಸಿದರೆಂದೂ, ದಾರಿಯಲ್ಲಿ ಒಡೆದಾವೆಂದು ಹೆದರಿ ಒಂದು ಊರಿನವರು ಅವನ್ನು ಬೇಯಿಸಿ ಕಳುಹಿಸಿದರೆಂದೂ ಕಥೆಯಿದೆ. ಎಲ್ಲ ದೇಶಗಳಲ್ಲಿಯೂ ರಾಜಧಾನಿಯವರಿಗೆ ನಗುವುದಕ್ಕೆ ಹೀಗೆ ಒಂದು ಹಳ್ಳಿ ಬೇಕಾಗಿರುತ್ತದೆ. 1890ರ ಪ್ರವಾಹದಲ್ಲಿ ಕೆಲವು ಕಮಾನುಗಳು ಕುಸಿದುವು. ಅವನ್ನು ಮತ್ತೆ ಕಟ್ಟಿದರು. ಒಂದು ಕಾಲದಲ್ಲಿ ಇದರ ಮೇಲೆ ಟ್ರಾಮುಗಳೂ ಓಡುತ್ತಿದ್ದುವು. ಈಗ ಕಾಲ್ನಡಿಗೆಯವರಿಗೆ ಮಾತ್ರ ಮೀಸಲು.

ಸೇತುವೆಯ ಎರಡು ಪಕ್ಕಗಳಲ್ಲಿಯೂ ಸಾಲುಗೊಂಡಿರುವ ಮೂವತ್ತು ಪ್ರತಿಮೆಗಳು ಜಗತ್ಪ್ರಸಿದ್ಧವಾಗಿವೆ. ಯಾತ್ರಿಕರು ಇವನ್ನು ಸೇತುವೆಯಷ್ಟೇ ಹಳೆಯವೆಂದು ತಿಳಿಯುವುದುಂಟು. ಹಾಗಲ್ಲ. ಚಾರ್ಲ್ಸನ ಸೇತುವೆ ಬಹುಕಾಲ ಬರಿದಾಗಿತ್ತು. ಒಂದು ಶಿಲುಬೆಯ ಹೊರತು ಅದಕ್ಕೆ ಹೆಚ್ಚಿನ ಅಲಂಕಾರವಿರಲಿಲ್ಲ. ಪ್ರತಿಮೆಗಳಲ್ಲಿ ಹೆಚ್ಚಿನವು 1683ರಿಂದ 1714ರೊಳಗೆ ಬಂದುವು. ಈಗ ನಾವು ನೋಡುವವುಗಳಲ್ಲಿ ಅನೇಕವು ಪ್ರತಿಕೃತಿಗಳು. ಮೂಲಗಳನ್ನು ಗಾಳಿಮಳೆಗಳಿಂದ ಕಾಪಾಡಲು ಒಳಗಿರಿಸಿದ್ದಾರೆ. ಎಲ್ಲಕ್ಕೂ ಮೊದಲು ಬಂದದ್ದು ನೆಪೊಮುಕಿನ ಸಂತ ಜಾನನ ಕಂಚಿನ ವಿಗ್ರಹ. ಈ ಪಾದ್ರಿಯನ್ನು ರಾಜನ ಕಡೆಯವರು 1393ರಲ್ಲಿ ಇದೇ ಸೇತುವೆಯಿಂದ ನದಿಗೆ ಎಸೆದು ಕೊಂದರು. ರೋಮಿನ ಗುರುಪೀಠವು ಅವನನ್ನು ಸಂತನೆಂದು ಸಾರಿದ್ದು 1729ರಲ್ಲಿ. ಜನರು ಸಾಲುಗಟ್ಟಿ ನಿಂತು, ಅವನ ಪೀಠದ ಮೇಲಣ ಫಲಕವನ್ನು ಒಳ್ಳೆಯದಾಗಲೆಂದು ಮುಟ್ಟುತ್ತಾರೆ; ಮುಟ್ಟಿ ಮುಟ್ಟಿ ಅದು ಚಿನ್ನದಂತೆ ಹೊಳೆಯುತ್ತದೆ. ಯಾನ್ ಹುಸ್ ಎಂಬ ಮತ್ತೊಬ್ಬ ಜಾನನನ್ನು ಜನರ ಮನಸ್ಸಿನಿಂದ ಮರೆಸುವುದಕ್ಕಾಗಿಯೇ ಈ ಜಾನನ ಭಕ್ತಿಯನ್ನು ಬೆಳೆಸಿದರೆಂಬ ವಾದ ಆ ದೇಶದಲ್ಲಿ ಹಳೆಯದು.

ಹುಸ್ ಯಾರೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಅವನು ವಿಶ್ವವಿದ್ಯಾನಿಲಯದ ಪಂಡಿತ. 1402ರಿಂದ ಬೆತ್ಲೆಹೆಮ್ ಪ್ರಾರ್ಥನಾಮಂದಿರದಲ್ಲಿ ಜನರ ಭಾಷೆಯಾದ ಚೆಕ್ಕಿನಲ್ಲಿ ಉಪದೇಶ ಮಾಡಿದವನು. ಮತಾಧಿಕಾರಿಗಳ ಲೋಭವನ್ನು ಖಂಡಿಸಿದ್ದಕ್ಕಾಗಿ 1415ರ ಜುಲೈ 6ರಂದು ಕಾನ್‌ಸ್ಟೆನ್ಸ್ ನಗರದಲ್ಲಿ ಜೀವಂತವಾಗಿ ದಹಿಸಲ್ಪಟ್ಟವನು. ಲೂಥರನಿಗೆ ನೂರು ವರ್ಷ ಮೊದಲೇ ಬೊಹೀಮಿಯದಲ್ಲಿ ಸುಧಾರಣೆಯ ಬೆಂಕಿ ಹೊತ್ತಿತ್ತು. ಮುಂದಿನ ಎರಡು ಶತಮಾನಗಳ ಕಾಲ ಆ ದೇಶದ ಬಹುಜನರು ರೋಮಿನ ಪದ್ಧತಿಯನ್ನು ಪೂರ್ತಿಯಾಗಿ ಒಪ್ಪದೆ ಬಾಳಿದರು.

ಈಗ ಸೇತುವೆಯ ಪೂರ್ವದ ತುದಿಗೆ ಬರೋಣ. ಅಲ್ಲೊಂದು ಎತ್ತರವಾದ ಗಾಥಿಕ್ ಗೋಪುರವಿದೆ. ಅದರ ಕೆತ್ತನೆ ಅತಿ ಸೊಗಸು. ನಾನು ಅಲ್ಲಿ ನಿಂತಿದ್ದಾಗ ಮಾರ್ಗದರ್ಶಕನೊಬ್ಬನು ತನ್ನ ಗುಂಪಿಗೆ ಕಮಾನಿನ ಚೆಲುವನ್ನೂ, ಫೋಟೋ ತೆಗೆಯಲು ಒಳ್ಳೆಯ ಜಾಗವನ್ನೂ ತೋರಿಸಿ ಮುಂದೆ ನಡೆದನು. 1621ರಿಂದ ಹತ್ತು ವರ್ಷಗಳ ಕಾಲ ಇದೇ ಗೋಪುರದ ಮೇಲೆ ಹನ್ನೆರಡು ಮಂದಿಯ ತಲೆಗಳು ತೂಗುತ್ತಿದ್ದುವೆಂಬುದನ್ನು ಅವನು ಹೇಳಲಿಲ್ಲ. ದಿನವೂ ಸೇತುವೆ ದಾಟುವವರು ಅವುಗಳ ಕೆಳಗೇ ಹಾಯಬೇಕಾಗಿತ್ತು. ಅವನ್ನು ಅಲ್ಲಿಟ್ಟ ಉದ್ದೇಶವೂ ಅದೇ.

ಇದರ ಹಿನ್ನೆಲೆ ಹೀಗೆ. ಹ್ಯಾಪ್ಸ್‌ಬರ್ಗ್ ವಂಶದ ರುಡಾಲ್ಫ್ ಚಕ್ರವರ್ತಿಯು 1583ರಲ್ಲಿ ಪ್ರಾಗನ್ನೇ ತನ್ನ ವಾಸಸ್ಥಾನವನ್ನಾಗಿ ಮಾಡಿಕೊಂಡನು. ಅವನ ಆಸ್ಥಾನದಲ್ಲಿ ಟೈಕೊ ಬ್ರಾಹೆ, ಕೆಪ್ಲರ್ ಮೊದಲಾದ ಜ್ಯೋತಿಶ್ಶಾಸ್ತ್ರಜ್ಞರಿದ್ದರು. 1609ರಲ್ಲಿ ಅವನು ಪ್ರಾಟೆಸ್ಟೆಂಟರಿಗೆ ಮತಸ್ವಾತಂತ್ರ್ಯದ ಪತ್ರವನ್ನು ಕೊಟ್ಟನು. ಅವನ ತರುವಾಯ ಬಂದವರು ಆ ಮಾತನ್ನು ಉಳಿಸಲಿಲ್ಲವೆಂದು ಕೆರಳಿದ ಬೊಹೀಮಿಯದ ಪ್ರಭುಗಳು 1618ರ ಮೇ 23ರಂದು ಅರಮನೆಗೆ ನುಗ್ಗಿ, ಚಕ್ರವರ್ತಿಯ ಇಬ್ಬರು ಪ್ರತಿನಿಧಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಕಿಟಕಿಯಿಂದ ಹೊರಕ್ಕೆ ಎಸೆದರು. ಮೂವರೂ ಬದುಕಿಕೊಂಡರು, ಯೂರೋಪು ಮಾತ್ರ ಮೂವತ್ತು ವರ್ಷಗಳ ಯುದ್ಧದಲ್ಲಿ ಬಿದ್ದಿತು. ಬೊಹೀಮಿಯದ ಪಾಲಿನ ಯುದ್ಧ ಬೇಗನೆ ಮುಗಿಯಿತು. 1620ರ ನವೆಂಬರ್ 8ರಂದು, ಊರ ಹೊರಗಣ ಬಿಳಿಯ ಬೆಟ್ಟವೆಂಬ ದಿಣ್ಣೆಯಲ್ಲಿ, ಎರಡು ಗಂಟೆಗಳೊಳಗೆ ಎಲ್ಲವೂ ತೀರಿತು.

ಮರುವರ್ಷದ ಜೂನ್ 21ರಂದು ಹಳೆಯ ಪೇಟೆಯ ಚೌಕದಲ್ಲಿ ಇಪ್ಪತ್ತೇಳು ಮಂದಿ ನಾಯಕರನ್ನು ಬಹಿರಂಗವಾಗಿ ಕೊಂದರು: ಮೂವರು ಪ್ರಭುಗಳು, ಏಳು ಮಂದಿ ನೈಟುಗಳು, ಹದಿನೇಳು ಮಂದಿ ಪೌರರು. ಅವರಲ್ಲಿ ಒಬ್ಬನು ಯಾನ್ ಯೆಸೆನಿಯುಸ್. ವೈದ್ಯ, ವಿಶ್ವವಿದ್ಯಾನಿಲಯದ ಅಧ್ಯಕ್ಷ, 1600ರಲ್ಲಿ ಪ್ರಾಗಿನ ಜನರ ಮುಂದೆ ಮನುಷ್ಯದೇಹವನ್ನು ಛೇದಿಸಿ ಅಂಗರಚನೆಯನ್ನು ತೋರಿಸಿದವನು, ಟೈಕೊ ಬ್ರಾಹೆ ಸತ್ತಾಗ ಅವನ ಗುಣಗಾನ ಮಾಡಿ ಭಾಷಣ ಮಾಡಿದವನು. ಬಂಡಾಯಗಾರರ ಪರವಾಗಿ ಹಂಗೆರಿಗೆ ರಾಯಭಾರ ಹೋಗಿ ಮಾತನಾಡಿದನೆಂಬುದು ಅವನ ಅಪರಾಧ. ಆದ್ದರಿಂದ ತಲೆಯನ್ನು ಕಡಿಯುವ ಮೊದಲು ಅವನ ನಾಲಗೆಯನ್ನು ಕತ್ತರಿಸಿದರು. ಆ ಇಪ್ಪತ್ತೇಳು ಮಂದಿಗಾಗಿ ಪುರಭವನದ ಪಕ್ಕದ ನೆಲಗಲ್ಲಿನಲ್ಲಿ ಇಪ್ಪತ್ತೇಳು ಬಿಳಿಯ ಶಿಲುಬೆಗಳಿವೆ. ಪುರಭವನದ ಗೋಡೆಯಲ್ಲಿ 1410ರ ಪ್ರಸಿದ್ಧ ಖಗೋಳ ಗಡಿಯಾರವಿರುವುದರಿಂದ, ಗಂಟೆ ಬಾರಿಸುವಾಗ ನೂರಾರು ಜನ ಮೇಲೆ ನೋಡುತ್ತಾ ನಿಲ್ಲುತ್ತಾರೆ. ಶಿಲುಬೆಗಳಿರುವುದು ಅಲ್ಲಿಂದ ಕೆಲವೇ ಹೆಜ್ಜೆ ದೂರದಲ್ಲಿ.

ಸೋಲಿನ ಫಲವು ಶಿಕ್ಷೆಯೊಂದಿಗೆ ಮುಗಿಯಲಿಲ್ಲ. 1627ರ ಹೊಸ ಶಾಸನವು ಕ್ಯಾಥೊಲಿಕ್ ಮತವೊಂದನ್ನೇ ಉಳಿಸಿತು. ಜರ್ಮನ್ ಭಾಷೆಗೆ ಚೆಕ್ಕಿನ ಸಮಾನ ಪಟ್ಟವನ್ನು ಕೊಟ್ಟಿತು. ಮತವನ್ನು ಬಿಡಲೊಲ್ಲದವರು ದೇಶವನ್ನು ಬಿಟ್ಟರು. ಶಿಕ್ಷಣಶಾಸ್ತ್ರದ ಪಿತಾಮಹನೆನಿಸಿದ ಕೊಮೇನಿಯಸ್ 1628ರಲ್ಲಿ ಹಾಗೆ ಹೊರಟವನು ಮರಳಿ ಬರಲಿಲ್ಲ. 1670ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತೀರಿಕೊಂಡನು. ಓಡಿದವರ ಮತ್ತು ಸತ್ತವರ ಆಸ್ತಿ ಗೆದ್ದವರ ಪಾಲಾಯಿತು. ಹಾಗೆ ಕೊಬ್ಬಿದವರಲ್ಲಿ ಮೊದಲಿಗ ಸೇನಾಪತಿ ವಾಲೆನ್‌ಸ್ಟೈನ್. ಅವನು ಕಿರುಪೇಟೆಯಲ್ಲಿ ಜನರ ಮನೆಗಳನ್ನು ಕೊಂಡು, ಕೆಡವಿ, ಆ ಜಾಗದಲ್ಲಿ 1623ರಿಂದ 1630ರವರೆಗೆ ಎಬ್ಬಿಸಿದ ಅರಮನೆ ಈಗ ಆ ದೇಶದ ಸೆನೆಟ್ ಸಭೆಯ ಸ್ಥಾನ. ಅದರ ತೋಟದ ಪ್ರತಿಮೆಗಳು ಬಹಳ ಅಂದವಾದವು. ಆದರೆ ಅವೂ ಪ್ರತಿಕೃತಿಗಳೇ. ಮೂಲಗಳನ್ನು 1648ರಲ್ಲಿ ಸ್ವೀಡನ್ನಿನವರು ಹೊತ್ತೊಯ್ದರು. ಕೊಳ್ಳೆಯ ಹಣದಿಂದ ಮಾಡಿಸಿದ್ದನ್ನು ಬೇರೆಯವರು ಕೊಳ್ಳೆಹೊಡೆದರೆಂದರೆ ಮರುಗುವವರು ಯಾರು!

ಮುಂದಿನ ನೂರಿಪ್ಪತ್ತು ವರ್ಷಗಳಲ್ಲಿ ಹೊಸ ಪ್ರಭುಗಳೂ ಸಂನ್ಯಾಸಿ ಸಂಘಗಳೂ ಪೈಪೋಟಿಯಿಂದ ಕಟ್ಟಿಸಿದರು. ಇಟಲಿಯಿಂದಲೂ ಜರ್ಮನ್ ಸೀಮೆಗಳಿಂದಲೂ ಶಿಲ್ಪಿಗಳು ಬಂದರು. ಕಿರುಪೇಟೆಯ ಸಂತ ನಿಕೊಲಸನ ದೇವಾಲಯವನ್ನು ಕಟ್ಟಿದ ಡೀನ್‌ಟ್ಸೆನ್‌ಹೋಫರ್ ತಂದೆಮಕ್ಕಳು ಬವೇರಿಯದಿಂದ ಬಂದ ಮನೆತನದವರು. ಆ ಗುಮ್ಮಟದ ಕೆಳಗೆ ನಿಂತವನಿಗೆ ಇದು ಸೋಲಿನ ಸ್ಮಾರಕವೆಂಬ ಯೋಚನೆ ಬರುವುದು ಕಷ್ಟ. ಅಂಥ ಬೆಳಕು, ಅಂಥ ಗಾಂಭೀರ್ಯ ಅಲ್ಲಿದೆ. 1791ರಲ್ಲಿ ಮೊಟ್ಸಾರ್ಟ್ ತೀರಿಕೊಂಡಾಗ ಪ್ರಾಗಿನವರು ಅವನಿಗಾಗಿ ಪ್ರಾರ್ಥಿಸಿದ್ದೂ ಇಲ್ಲಿಯೇ. ಕೆಡುಕಿನ ಹಣದಿಂದ ಕಟ್ಟಿದ್ದೆಲ್ಲ ಕುರೂಪವಾಗಿರಬೇಕೆಂಬ ನಿಯಮ ಎಲ್ಲಿಯೂ ಇಲ್ಲವಷ್ಟೆ.

ಇಲ್ಲಿ ಚರಿತ್ರಕಾರನು ಸ್ವಲ್ಪ ಎಚ್ಚರಿಕೆಯಿಂದಿರಬೇಕು. ಹತ್ತೊಂಬತ್ತನೆಯ ಶತಮಾನದವರು ಬಿಳಿಯ ಬೆಟ್ಟದ ಯುದ್ಧವನ್ನು ಚೆಕ್ಕರಿಗೂ ಜರ್ಮನರಿಗೂ ನಡೆದ ಹೋರಾಟವೆಂದು ಬಣ್ಣಿಸಿದರು. ಅದು ಮತಕ್ಕೂ ಪ್ರಭುಗಳ ಹಕ್ಕುಗಳಿಗೂ ಸಂಬಂಧಪಟ್ಟ ಜಗಳ. ಚೌಕದಲ್ಲಿ ಸತ್ತವರಲ್ಲಿ ಜರ್ಮನ್ ಆಡುವವರೂ ಇದ್ದರು. ಒಬ್ಬ ಕ್ಯಾಥೊಲಿಕನೂ ಇದ್ದನು. ಅಂತೆಯೇ ಜೆಸ್ಯೂಯಿಟರೆಲ್ಲ ಚೆಕ್ ಭಾಷೆಯ ವೈರಿಗಳೂ ಅಲ್ಲ. ಚೆಕ್ ಭಾಷೆ ಕ್ಷೀಣಿಸುತ್ತಿರುವುದನ್ನು ಕಂಡು ಕೊರಗಿ ಅದರ ಪರವಾಗಿ ಗ್ರಂಥವನ್ನು ಬರೆದ ಬಾಲ್ಬೀನನು ಜೆಸ್ಯೂಯಿಟ್ ಪಾದ್ರಿಯೇ. ಅವನು ಬರೆದದ್ದು ಲ್ಯಾಟಿನ್ನಿನಲ್ಲಿ. ಅದು ಅಚ್ಚಾದದ್ದು ಅವನು ಸತ್ತು ಎಂಬತ್ತೇಳು ವರ್ಷಗಳಾದ ಮೇಲೆ, 1775ರಲ್ಲಿ.

ಆ ಹೊತ್ತಿಗೆ ಪ್ರಾಗಿನಲ್ಲಿ ಓದುಬರಹ ಬಲ್ಲವರ ಮಾತು ಜರ್ಮನ್ ಆಗಿತ್ತು. ಚೆಕ್ ಹಳ್ಳಿಗರ, ಕೂಲಿಗಳ, ಅಡಿಗೆಯವರ ಮಾತಾಗಿ ಉಳಿದಿತ್ತು. ಮನೆಯಲ್ಲಿ ಒಂದು ನುಡಿ, ಕಚೇರಿಯಲ್ಲಿ ಇನ್ನೊಂದು ನುಡಿ ಎಂಬ ಸ್ಥಿತಿಯನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಎರಡನೆಯ ಜೋಸೆಫನ ಕಾಲದಲ್ಲಿ, 1784ರಲ್ಲಿ, ವಿಶ್ವವಿದ್ಯಾನಿಲಯದ ಪಾಠವೂ ಲ್ಯಾಟಿನ್ನಿನಿಂದ ಜರ್ಮನ್ನಿಗೆ ತಿರುಗಿತು. ಚೆಕ್ ವ್ಯಾಕರಣವನ್ನು ಶಾಸ್ತ್ರೀಯವಾಗಿ ರಚಿಸಿದ ದೊಬ್ರೊವ್‌ಸ್ಕಿ ಪಂಡಿತನು ಅದನ್ನು 1809ರಲ್ಲಿ ಪ್ರಕಟಿಸಿದ್ದು ಜರ್ಮನ್ನಿನಲ್ಲಿ. ಆ ದೇಶದ ಚರಿತ್ರೆಯ ಜನಕನಾದ ಪಲಾಟ್ಸ್‌ಕಿಯ ಗ್ರಂಥದ ಮೊದಲ ಸಂಪುಟವೂ 1836ರಲ್ಲಿ ಜರ್ಮನ್ನಿನಲ್ಲಿಯೇ ಹೊರಟಿತು. ಚೆಕ್ಕಿನಲ್ಲಿ ಬರಲು 1848ರವರೆಗೆ ಕಾಯಬೇಕಾಯಿತು. ಈ ನಡುವೆ ಯೂಂಗ್‌ಮನ್ ಎಂಬ ಶಾಲಾ ಉಪಾಧ್ಯಾಯನು 1834ರಿಂದ 1839ರೊಳಗೆ ಐದು ಸಂಪುಟಗಳ ಚೆಕ್ ಜರ್ಮನ್ ನಿಘಂಟನ್ನು ಹೊರತಂದನು. ಶಾಸ್ತ್ರಕ್ಕೂ ಕಾವ್ಯಕ್ಕೂ ಬೇಕಾದ ಪದಗಳಿಲ್ಲವೆಂದಾಗ ಹಳೆಯ ಗ್ರಂಥಗಳಿಂದ ಎತ್ತಿದನು. ಪೋಲಿಷ್, ರಷ್ಯನ್ ನುಡಿಗಳಿಂದ ಸಾಲ ತಂದನು. ಕೆಲವನ್ನು ತಾನೇ ಕಟ್ಟಿದನು. ನೆಲದೊಳಗಿನ ಒರತೆಗೆ ಬಾವಿ ತೋಡಿದಂತೆ ಆ ಕೆಲಸ.

ಉತ್ಸಾಹದಲ್ಲಿ ತಪ್ಪು ದಾರಿ ಹಿಡಿದವರೂ ಉಂಟು. 1817ರಲ್ಲಿ ಹಂಕ ಎಂಬುವನು ಚರ್ಚೊಂದರಲ್ಲಿ ಬಹು ಪುರಾತನವಾದ ಚೆಕ್ ಕಾವ್ಯಗಳ ಓಲೆಗಳು ದೊರೆತುವೆಂದು ಸಾರಿದನು. ದೇಶವೇ ಹಿಗ್ಗಿತು. ಚಿತ್ರಕಾರರೂ ಶಿಲ್ಪಿಗಳೂ ಸಂಗೀತಗಾರರೂ ಅವುಗಳಿಂದ ವಸ್ತುವನ್ನು ಪಡೆದರು. 1886ರಲ್ಲಿ ಗೆಬೌವರ್ ಎಂಬ ಭಾಷಾಶಾಸ್ತ್ರಜ್ಞನೂ, ಮಾಸರಿಕ್ ಎಂಬ ತತ್ತ್ವಶಾಸ್ತ್ರದ ಅಧ್ಯಾಪಕನೂ ಅವು ಕೃತ್ರಿಮವೆಂದು ವಾದಿಸಿದಾಗ, ಇವರು ದೇಶದ್ರೋಹಿಗಳೆಂದು ಪತ್ರಿಕೆಗಳು ಕೂಗಾಡಿದುವು. ಸುಳ್ಳಿನ ತಳಹದಿಯ ಮೇಲೆ ಜನಾಂಗದ ಅಭಿಮಾನ ನಿಲ್ಲಬಾರದೆಂಬುದು ಮಾಸರಿಕನ ನಿಲುವು. 1918ರಲ್ಲಿ ಚೆಕೊಸ್ಲೊವಾಕಿಯ ಸ್ವತಂತ್ರವಾದಾಗ ಜನ ತಮ್ಮ ಮೊದಲ ಅಧ್ಯಕ್ಷನನ್ನಾಗಿ ಆರಿಸಿಕೊಂಡದ್ದು ಆ ದ್ರೋಹಿಯನ್ನೇ.

ಇನ್ನು ನದಿಯ ದಡದಲ್ಲಿಯೇ ದಕ್ಷಿಣಕ್ಕೆ ನಡೆದರೆ ರಾಷ್ಟ್ರೀಯ ನಾಟಕಶಾಲೆ ಸಿಕ್ಕುತ್ತದೆ. ಇದನ್ನು ಅರಸರು ಕಟ್ಟಿಸಲಿಲ್ಲ. ವರ್ಷಗಟ್ಟಲೆ ಜನರಿಂದ ಚಂದಾ ಎತ್ತಿದರು. 1868ರ ಮೇ 16ರಂದು ದೇಶದ ನಾನಾ ಬೆಟ್ಟಗಳಿಂದ ತಂದ ಕಲ್ಲುಗಳನ್ನು ಅಸ್ತಿಭಾರದಲ್ಲಿರಿಸಿದರು. 1881ರ ಜೂನಿನಲ್ಲಿ ಸ್ಮೆಟನನ ಸಂಗೀತನಾಟಕದೊಡನೆ ಬಾಗಿಲು ತೆರೆಯಿತು. ಸ್ಮೆಟನನು ಚಿಕ್ಕಂದಿನಲ್ಲಿ ಕಲಿತದ್ದು ಜರ್ಮನ್ ಪಾಠಶಾಲೆಗಳಲ್ಲಿ. ಚೆಕ್ಕಿನಲ್ಲಿ ಬರೆಯುವುದನ್ನು ದೊಡ್ಡವನಾದ ಮೇಲೆ ರೂಢಿಸಿಕೊಂಡನು. ವಲ್ತಾವಾ ನದಿಯನ್ನು ಕುರಿತ ಅವನ ಪ್ರಸಿದ್ಧ ವಾದ್ಯಕೃತಿ ಹುಟ್ಟಿದ್ದು 1874ರಲ್ಲಿ, ಅವನ ಕಿವಿ ಪೂರ್ಣವಾಗಿ ಕಿವುಡಾದ ವರ್ಷ. ನಾಟಕಶಾಲೆ ತೆರೆದ ಸುಮಾರು ಎರಡು ತಿಂಗಳಿಗೆ, ಆಗಸ್ಟ್ 12ರಂದು, ಬೆಂಕಿಬಿದ್ದು ಸುಟ್ಟುಹೋಯಿತು. ಜನ ಅಳುತ್ತ ಕೂರಲಿಲ್ಲ. ನಲವತ್ತೇಳು ದಿನಗಳಲ್ಲಿ ಹತ್ತು ಲಕ್ಷ ಗುಲ್ಡನ್ ಹಣ ಕೂಡಿತು. ಚಕ್ರವರ್ತಿಯ ಕುಟುಂಬದವರೂ ಅದಕ್ಕೆ ಕೊಟ್ಟರೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. 1883ರ ನವೆಂಬರ್ 18ರಂದು ಮತ್ತೆ ತೆರೆಯಿತು. ಜನಾಂಗವು ತನಗೆ ತಾನೇ ಕೊಟ್ಟುಕೊಂಡದ್ದು ಎಂಬ ಅರ್ಥದ ಎರಡು ಚೆಕ್ ಪದಗಳು ರಂಗದ ಮೇಲ್ಭಾಗದಲ್ಲಿವೆ. ಸೇತುವೆಯ ಪ್ರತಿಮೆಗಳ ಕೆಳಗಿನ ಹಳೆಯ ಬರಹಗಳಲ್ಲಿ ಲ್ಯಾಟಿನ್ನೇ ಹೆಚ್ಚು.

ಆದರೆ ಗೆಲುವಿಗೂ ಬೆಲೆಯುಂಟು. 1882ರಲ್ಲಿ ಚಾರ್ಲ್ಸನ ವಿಶ್ವವಿದ್ಯಾನಿಲಯವು ಚೆಕ್ ಒಂದು, ಜರ್ಮನ್ ಒಂದು ಎಂದು ಎರಡಾಗಿ ಸೀಳಿತು. ಭಾರತದ ವಿದ್ಯೆಗಳನ್ನು ಬೋಧಿಸುವ ವಿದ್ವಾಂಸರು ಎರಡರಲ್ಲಿಯೂ ಇದ್ದರು: ಜರ್ಮನ್ ಭಾಗದಲ್ಲಿ ವಿಂಟರ್ನಿಟ್ಸ್, ಚೆಕ್ ಭಾಗದಲ್ಲಿ ರವೀಂದ್ರರನ್ನು ಬಂಗಾಳಿಯಿಂದಲೇ ಅನುವಾದಿಸಿದ ಲೆಸ್ನಿ. ರವೀಂದ್ರನಾಥ ಠಾಕೂರರು 1921ರಲ್ಲಿಯೂ 1926ರಲ್ಲಿಯೂ ಪ್ರಾಗಿಗೆ ಹೋಗಿಬಂದರು. ಈ ಇಬ್ಬರು ಪಂಡಿತರೂ ಶಾಂತಿನಿಕೇತನಕ್ಕೆ ಬಂದು ಪಾಠ ಹೇಳಿದರು. 1883ರಲ್ಲಿ ಹಳೆಯ ಪೇಟೆಯ ಚೌಕದ ಹತ್ತಿರ ಹುಟ್ಟಿದ ಕಾಫ್ಕನು ಯೆಹೂದ್ಯನು, ಬರೆದದ್ದು ಜರ್ಮನ್ನಿನಲ್ಲಿ. ಮೂರು ಬಗೆಯ ಜನರಿದ್ದ ಆ ಪ್ರಾಗ್ ಈಗಿಲ್ಲ. 1939ರಲ್ಲಿ ನಾಟ್ಸಿಗಳು ಬಂದರು. ಬೊಹೀಮಿಯ ಮೊರಾವಿಯಗಳಲ್ಲಿ ಕೊಲೆಗೀಡಾದ ಯೆಹೂದ್ಯರ ಹೆಸರುಗಳನ್ನು ಪಿಂಕಾಸ್ ಮಂದಿರದ ಗೋಡೆಗಳ ಮೇಲೆ ಬರೆದಿದ್ದಾರೆ. ಅವು 77,000ಕ್ಕೂ ಹೆಚ್ಚು. ಯುದ್ಧ ಮುಗಿದ ಮೇಲೆ, 1945 ಮತ್ತು 1946ರಲ್ಲಿ, ಜರ್ಮನ್ ಆಡುವವರನ್ನೆಲ್ಲ ಬಹುಮಟ್ಟಿಗೆ ದೇಶದಿಂದ ಹೊರಗಟ್ಟಿದರು. ಈಗ ಮೋಲ್ಡೌ ಎಂಬ ಹೆಸರನ್ನು ಅಲ್ಲಿ ಆಡುವವರು ಪ್ರವಾಸಿಗಳು ಮಾತ್ರ.

ಚೌಕದ ಇನ್ನೊಂದು ಕಥೆಯನ್ನು ಹೇಳದೆ ಬಿಡಲಾಗದು. 1648ರಲ್ಲಿ ಸ್ವೀಡನ್ನಿನ ಸೈನ್ಯ ಎಡದಂಡೆಯನ್ನು ಹಿಡಿದಾಗ, ವಿದ್ಯಾರ್ಥಿಗಳೂ ಪೌರರೂ ಜೆಸ್ಯೂಯಿಟ್ ಪಾದ್ರಿಯೊಬ್ಬನ ಮುಂದಾಳುತನದಲ್ಲಿ ಸೇತುವೆಯ ಗೋಪುರವನ್ನು ಕಾದು ಹಳೆಯ ಪೇಟೆಯನ್ನು ಉಳಿಸಿದರು. ಗೋಪುರದ ಪಶ್ಚಿಮ ಮುಖದ ಕೆತ್ತನೆ ಹಾಳಾದದ್ದು ಆಗ. ಆ ರಕ್ಷಣೆಯ ಕೃತಜ್ಞತೆಗಾಗಿ 1650ರಲ್ಲಿ ಚೌಕದಲ್ಲಿ ಮೇರಿ ಮಾತೆಯ ಕಂಬವನ್ನು ನಿಲ್ಲಿಸಿದರು. ಕಾಲಕ್ರಮದಲ್ಲಿ ಜನರ ಕಣ್ಣಿಗೆ ಅದು ಹ್ಯಾಪ್ಸ್‌ಬರ್ಗರ ಜಯಸ್ತಂಭವಾಗಿ ತೋರಿತು. 1915ರಲ್ಲಿ ಅದರ ಎದುರಿಗೇ ಹುಸ್ಸನ ದೊಡ್ಡ ಸ್ಮಾರಕವೆದ್ದಿತು. 1918ರ ನವೆಂಬರ್ 3ರಂದು, ಸ್ವಾತಂತ್ರ್ಯ ಬಂದ ವಾರದೊಳಗೆ, ಬಿಳಿಯ ಬೆಟ್ಟದ ಸಭೆಯಿಂದ ಹಿಂದಿರುಗಿದ ಗುಂಪು ಹಗ್ಗ ಹಾಕಿ ಕಂಬವನ್ನು ಕೆಡವಿತು. ಪ್ರಾಗನ್ನು ಉಳಿಸಿದ್ದಕ್ಕಾಗಿ ನಿಲ್ಲಿಸಿದ ಕಂಬವನ್ನು ಪ್ರಾಗನ್ನು ಸೋಲಿಸಿದ್ದಕ್ಕಾಗಿ ಕೆಡವಿದಂತಾಯಿತು. ಬಹುಕಾಲದ ವಾದವಿವಾದಗಳ ತರುವಾಯ 2020ರ ಜೂನಿನಲ್ಲಿ ಅದರ ಪ್ರತಿಕೃತಿಯನ್ನು ಮತ್ತೆ ಅಲ್ಲಿಯೇ ನಿಲ್ಲಿಸಿದ್ದಾರೆ. ಈಗ ಹುಸ್ಸನೂ ಮೇರಿ ಮಾತೆಯೂ ಒಂದೇ ಚೌಕದಲ್ಲಿದ್ದಾರೆ, ವಾದವೂ ಮುಗಿದಿಲ್ಲ.

ವಿದ್ಯಾರ್ಥಿಗಳ ಹೆಜ್ಜೆ ಈ ನದಿಯ ದಡಕ್ಕೆ ಮತ್ತೊಮ್ಮೆ ಬಿದ್ದದ್ದು 1989ರಲ್ಲಿ. ಚೆಕ್ ವಿಶ್ವವಿದ್ಯಾನಿಲಯಗಳನ್ನು ನಾಟ್ಸಿಗಳು ಮುಚ್ಚಿದ ದಿನದ ಐವತ್ತನೆಯ ನೆನಪಿಗಾಗಿ ನವೆಂಬರ್ 17ರಂದು ಅವರು ವಿಶೆಹ್ರಾದ್ ದಿಣ್ಣೆಗೆ ಮೆರವಣಿಗೆ ಹೋದರು. ಅಲ್ಲಿಂದ ಸಂಜೆ ನದಿಯ ದಡದಲ್ಲಿ ಬಂದು ನಾಟಕಶಾಲೆಯ ಮೂಲೆಯಲ್ಲಿ ಪೇಟೆಯ ಕಡೆಗೆ ತಿರುಗಿದರು. ಆ ಬೀದಿಯಲ್ಲಿ ಪೋಲೀಸರು ಅವರನ್ನು ತಡೆದು ಬಡಿದರು. ಮರುದಿನದಿಂದ ನಾಟಕಶಾಲೆಗಳು ಆಟ ನಿಲ್ಲಿಸಿ, ರಂಗದ ಮೇಲಿಂದಲೇ ಜನರೊಡನೆ ಮಾತನಾಡತೊಡಗಿದುವು. ವರ್ಷ ಮುಗಿಯುವುದರೊಳಗೆ ನಾಟಕಕಾರನಾದ ಹಾವೆಲನು ಅರಮನೆಯಲ್ಲಿ ಅಧ್ಯಕ್ಷನಾಗಿದ್ದನು.

ಪ್ರಾಗಿಗೆ ಹೋಗುವವರು ಚಾರ್ಲ್ಸನ ಸೇತುವೆಯ ಮೇಲೆ ಬೆಳಗಿನ ಹೊತ್ತಿನಲ್ಲಿ ನಡೆಯುವುದು ಮೇಲು, ಆಮೇಲೆ ನೂಕುನುಗ್ಗಲು. ನಾಟಕಶಾಲೆಯ ಮುಂದೆ 22ನೆಯ ಸಂಖ್ಯೆಯ ಟ್ರಾಮು ನಿಲ್ಲುತ್ತದೆ. ಅದು ಪಕ್ಕದ ಸೇತುವೆಯಿಂದ ನದಿಯನ್ನು ದಾಟಿ, ಕಿರುಪೇಟೆಯಲ್ಲಿ ಸಂತ ನಿಕೊಲಸನ ಗುಮ್ಮಟದ ಬುಡದಲ್ಲಿ ಹಾದು, ಸುತ್ತಿಕೊಂಡು ಅರಮನೆಯ ಬೆಟ್ಟವನ್ನೇರುತ್ತದೆ. ಸೇತುವೆಯ ಮೇಲೆ ಹೋಗುವಾಗ ಬಲಗಡೆಯ ಕಿಟಕಿಯ ಬಳಿ ಕುಳಿತುಕೊಳ್ಳಬೇಕು.